ನೂರು ಮೀಟರಿನ ಗಣಪತಿ

ಗುಡಿ ಇತ್ತು. ಗಣಪತಿ ಇರಲಿಲ್ಲ.

ಪುಟ್ಟ ಬಾಗಿಲಿನ ಚಿಲಕ ತೆಗೆದಿತ್ತು. ಪೀಠದ ಮೇಲೆ ನಿನ್ನೆಯ ಗರಿಕೆ, ಆರಿದ ಹಣತೆ, ಚೆಲ್ಲಿದ ಒಂದಿಷ್ಟು ಬಿಳಿ ಕಾಳು. ಕಾಳಿನ ಸುತ್ತ ಇರುವೆ. ಬೆಳಗಿನ ವಾಕಿಂಗಿಗೆ ಬಂದವರೆಲ್ಲ ವಾಕಿಂಗ್ ಬಿಟ್ಟು ಪಾರ್ಕಿನ ಮೂಲೆಯಲ್ಲಿ ನಿಂತಿದ್ದರು. ಬಸವೇಶ್ವರನಗರದ ನಮ್ಮ ಅಡ್ಡರಸ್ತೆಯಲ್ಲಿ ಇಷ್ಟು ಜನ ಒಟ್ಟಿಗೆ ಕಾಣಿಸುವುದು ಕಾವೇರಿ ನೀರು ಬಾರದ ದಿನ ಮಾತ್ರ.

“ಇವತ್ತೇ ಆಗ್ಬೇಕಿತ್ತಾ ಇದು?” ಎಂದರು ಗೋಪೀನಾಥ. ಅವರು ನಿವಾಸಿಗಳ ಸಂಘದ ಕಾರ್ಯದರ್ಶಿ. “ಸಂಜೆ ಅಬಕಾರಿ ಇನ್‌ಸ್ಪೆಕ್ಟರ್ ಬರ್ತಿದಾರೆ. ಅವರಿಗೆ ಏನು ತೋರಿಸೋದು? ಇರುವೆನಾ?”

ಇನ್‌ಸ್ಪೆಕ್ಟರಿಗೂ ಗಣಪತಿಗೂ ಏನು ಸಂಬಂಧ ಎಂದರೆ, ಅದು ಹೀಗೆ. ಪಾರ್ಕಿನ ಎದುರು ಸಾಲಿನ ಕೊನೆಯಲ್ಲಿ ಬೆಟ್ಟಯ್ಯನವರ ಬಾರ್ ಇದೆ. ಅದು ಹೋಗಬೇಕೆಂದು ಸಂಘದವರ ಹಟ. ದೇವಸ್ಥಾನ, ಶಾಲೆ, ಆಸ್ಪತ್ರೆಗಳ ನೂರು ಮೀಟರಿನೊಳಗೆ ಮದ್ಯದಂಗಡಿ ಇರಕೂಡದು ಎಂಬುದು ನಿಯಮ. ನಮ್ಮ ಬೀದಿಯಲ್ಲಿ ಶಾಲೆಯಿಲ್ಲ. ಇರುವುದೊಂದು ಹಲ್ಲಿನ ಕ್ಲಿನಿಕ್ಕು, ಅದು ಲೆಕ್ಕಕ್ಕಿಲ್ಲ. ಆದ್ದರಿಂದ ಗೋಪೀನಾಥ ಬಾರಿನ ಬಾಗಿಲಿನಿಂದ ಟೇಪು ಹಿಡಿದು ಅಳೆದರು. ನೂರು ಮೀಟರ್ ಮುಗಿಯುವ ಮೊದಲೇ ಸಿಕ್ಕಿದ ಖಾಲಿ ಮೂಲೆಯಲ್ಲಿ ಗುಡಿ ಕಟ್ಟಿಸಿದರು. ಮೊದಲು ಅಳತೆ, ಆಮೇಲೆ ಭಕ್ತಿ. ಆದರೂ ಭಕ್ತಿ ಸುಳ್ಳಲ್ಲ. ದಿನಾ ಬೆಳಿಗ್ಗೆ ಮಡಿಯುಟ್ಟು ಅವರೇ ಪೂಜೆ ಮಾಡುತ್ತಿದ್ದರು. ಆಷಾಢ ಕಳೆಯಲಿ, ಆಮೇಲೆ ಪ್ರತಿಷ್ಠೆ ಎಂದು ಪುರೋಹಿತರು ಹೇಳಿದ್ದರಿಂದ ಗೇಣುದ್ದದ ಕಲ್ಲಿನ ಗಣಪತಿ ಪೀಠದ ಮೇಲೆ ಸುಮ್ಮನೆ ಕೂತಿದ್ದ. ಎತ್ತಿದರೆ ಬರುತ್ತಿದ್ದ.

ಯಾರೋ ಎತ್ತಿದ್ದರು.

ಯಾರು ಎಂಬುದು ಆಗಲೇ ತೀರ್ಮಾನವಾಗಿತ್ತು. ಕೊಟ್ರೇಶ್ ಪಾರ್ಕಿನ ಕಂಬಿಗೆ ಬೆನ್ನುಕೊಟ್ಟು ನಿಂತಿದ್ದ. ಹರಪನಹಳ್ಳಿ ಕಡೆಯವನು. ಸಂಜೆಯಾದರೆ ಬಾರಿನ ಮುಂದೆ ಮಿರ್ಚಿ, ಮಂಡಕ್ಕಿ ಮಾರುತ್ತಾನೆ. ರಾತ್ರಿ ಗಾಡಿಯನ್ನು ಇದೇ ಕಂಬಿಗೆ, ಗುಡಿಯ ಪಕ್ಕದಲ್ಲಿ, ಸರಪಳಿ ಹಾಕಿ ಬಿಟ್ಟು ಹೋಗುತ್ತಾನೆ.

ಅನಂತಲಕ್ಷ್ಮಿ ಆಂಟಿ ಜನರನ್ನು ಸರಿಸಿಕೊಂಡು ಮುಂದೆ ಹೋದರು. ನಾನು ಅವರ ಹಿಂದೆ. ನಾನಿರುವುದು ಅವರ ಮನೆಯ ಮಹಡಿಯ ಪೋರ್ಷನ್ನಿನಲ್ಲಿ. ಅವರು ವಿಮಾ ಕಂಪನಿಯಲ್ಲಿ ಕ್ಲೇಮು ತನಿಖೆ ಮಾಡಿ ನಿವೃತ್ತರಾದವರು. ಕಳುವಾಯಿತು, ಸುಟ್ಟುಹೋಯಿತು ಎಂದು ಅಳುತ್ತ ಬಂದವರ ಮಾತನ್ನು ನಂಬದೆ ಇರುವುದೇ ಅವರ ನೌಕರಿಯಾಗಿತ್ತು. ಪಿಂಚಣಿ ಬರತೊಡಗಿದ ಮೇಲೂ ಅಭ್ಯಾಸ ಹೋಗಿಲ್ಲ.

“ಕಳ್ಳ ಸಿಕ್ಕಿದ ಮೇಲೆ ನೀವ್ಯಾಕೆ ತೊಂದರೆ ತಗೊಂಡ್ರಿ ಮೇಡಂ?” ಎಂದರು ಗೋಪೀನಾಥ.

“ಗಣಪತಿ ಸಿಕ್ಕಿದನಾ?”

“ಇಲ್ಲ.”

“ಮತ್ತೆ ಕಳ್ಳ ಹೇಗೆ ಸಿಕ್ಕಿದ?”

“ಅಲ್ಲಿ ನೋಡಿ, ಪೀಠದ ಮೇಲೆ ಮಂಡಕ್ಕಿ. ಈ ರಸ್ತೆಲಿ ಮಂಡಕ್ಕಿ ಇಟ್ಕೊಂಡಿರೋನು ಯಾರು? ಬಾರ್ ಹೋದ್ರೆ ವ್ಯಾಪಾರ ಹೋಗೋದು ಯಾರದ್ದು? ಇನ್ನೇನು ಬೇಕು?”

“ಗಣಪ್ಪನ್ನ ಒಯ್ದು ನಾ ಏನ್ ಮಾಡ್ಲಿರೀ?” ಎಂದ ಕೊಟ್ರೇಶ್. “ಹಿಟ್ಟಿನಾಗ ಅದ್ದಿ ಕರಿಯಾಕ ಬರ್ತೈತೇನು?”

“ನೋಡಿದ್ರಾ ಬಾಯಿ?” ಎಂದಿತು ಹಿಂದಿನಿಂದ ಒಂದು ಧ್ವನಿ. “ಪೊಲೀಸಿಗೆ ಕೊಡ್ರೀ.”

“ಪೊಲೀಸ್ ಗಿಲೀಸ್ ಬೇಡ,” ಎಂದರು ಗೋಪೀನಾಥ, ಮೆತ್ತಗೆ. “ಬಡವ. ಒಲೆ, ಬಾಣಲೆ ಸಂಘದ ರೂಮಲ್ಲಿ ಬೀಗ ಹಾಕಿಟ್ಟಿದೀವಿ. ಸಂಜೆಯೊಳಗೆ ಮೂರ್ತಿ ತಂದಿಟ್ಟು ಗಾಡಿ ಬೇರೆ ಕಡೆ ತಗೊಂಡು ಹೋಗ್ಲಿ. ತರದೇ ಇದ್ರೂ ಹೋಗ್ಲಿ. ದೇವರು ನೋಡ್ಕೋತಾನೆ.”

ಎಷ್ಟು ದೊಡ್ಡ ಮನಸ್ಸು ಎಂದು ಇಬ್ಬರು ಮೂವರು ತಲೆಯಾಡಿಸಿದರು.

ಕೊಟ್ರೇಶ್ ತಲೆಯಾಡಿಸಲಿಲ್ಲ. “ಎಲ್ಲಿಗೆ ಹೋಗ್ಲಿರೀ ಸರ? ದೇವ್ರನ್ನ ಕದ್ದಾಂವ ಅಂತ ಹೆಸರು ಹಚ್ಚಿ ಕಳಿಸಿದ್ರ ಯಾವ ಓಣ್ಯಾಗ ನಿಲ್ಲಿಸ್ಕೊಂತಾರ? ಯಾರು ತಿಂತಾರ ನನ್ ಕೈಯಾಂದು?”



ಆಂಟಿ ಗುಡಿಯ ಮುಂದೆ ಕೂತರು. ಮಂಡಿನೋವಿನವರು, ಕೂತರೆಂದರೆ ವಿಷಯ ಗಂಭೀರ. ಪೀಠವನ್ನು ನೋಡಿದರು. ಗಣಪತಿ ಕೂತಿದ್ದ ಜಾಗದ ಸುತ್ತ ಅರಿಶಿನ ಕುಂಕುಮದ ಉಂಗುರ ಕಟ್ಟಿತ್ತು. ಉಂಗುರ ಒಂದು ಕಡೆ ಮಾತ್ರ ಕಲಸಿಹೋಗಿತ್ತು — ನಮ್ಮ ಬಲಗೈ ಕಡೆ, ಎರಡು ಬೆರಳಿನಷ್ಟು.

“ಗುಡಿ ಬಾಗಿಲು ಯಾವ ದಿಕ್ಕಿಗೆ?”

“ಪೂರ್ವ,” ಎಂದರು ಗೋಪೀನಾಥ.

ಆಂಟಿ ಇರುವೆಗಳನ್ನು ಊದಿ, ಎರಡು ಬಿಳಿ ಕಾಳು ಎತ್ತಿಕೊಂಡರು. ಬೆರಳಲ್ಲಿ ಹೊಸಕಿದರು. ಮೂಸಿದರು. ಒಂದನ್ನು ಬಾಯಿಗೆ ಹಾಕಿಕೊಂಡರು.

“ಆಂಟಿ, ಅದು ಸಾಕ್ಷಿ,” ಎಂದೆ.

“ಇನ್ನೂ ಇದೆಯಲ್ಲೇ ಸ್ಮೃತಿ. ಫೋಟೋ ತೆಗಿ. ಹೂಂ, ಆ ಬಲಗಡೆ ಕಲೆದೂ.” ನನ್ನ ಭುಜ ಹಿಡಿದು ಎದ್ದರು. “ನಡಿ. ಬಾರಿಗೆ ಹೋಗಿ ಬರೋಣ.”

ವಾಕಿಂಗಿನವರು ತಿರುಗಿ ನೋಡಿದರು.

ಬಾರಿನ ಶಟರ್ ಅರ್ಧ ಎತ್ತಿತ್ತು. ಬೆಟ್ಟಯ್ಯ ಗಲ್ಲಾದ ಮುಂದೆ ಊದುಬತ್ತಿ ಹಚ್ಚುತ್ತಿದ್ದರು. ಹಣೆಯ ಮೇಲೆ ದೊಡ್ಡ ಕುಂಕುಮ. ಆಂಟಿಯನ್ನು ನೋಡಿ ಗಾಬರಿಯಾಗಿ ಕುರ್ಚಿ ಒರೆಸಿದರು.

“ಬನ್ನಿ ತಾಯಿ. ಏನ್ ತಗೋತೀರಾ — ಅಂದ್ರೆ, ಸೋಡಾ?”

“ಗಣಪತಿ ಎಲ್ಲಿ ಬೆಟ್ಟಯ್ಯ?”

“ನಂಗೇನ್ ಗೊತ್ತು?”

“ಗಣಪತಿ ಇಲ್ಲ ಅಂದ್ರೆ ದೇವಸ್ಥಾನ ಇಲ್ಲ. ದೇವಸ್ಥಾನ ಇಲ್ಲ ಅಂದ್ರೆ ನಿನ್ನ ಬಾರ್ ಇಲ್ಲೇ. ಲಾಭ ನಿಂದೇ ಅಲ್ವಾ?”

“ಅಯ್ಯೋ, ಆ ಲಾಭ ಯಾರಿಗ್ ಬೇಕು?” ಬೆಟ್ಟಯ್ಯ ಊದುಬತ್ತಿಯನ್ನು ನಿಂಬೆಹಣ್ಣಿಗೆ ಚುಚ್ಚಿದರು. “ಇಲ್ಲಿ ದಿನಾ ಕಿರಿಕಿರಿ. ಗಿರಾಕಿ ಗಾಡಿ ನಿಲ್ಲಿಸಿದ್ರೆ ಮೇಲಿಂದ ನೀರು ಸುರೀತಾರೆ. ಸುಮ್ನೆ ಎದ್ದು ಹೋಗ್ತೀನಿ ಅಂದ್ರೆ ಅಬಕಾರಿಯವರದ್ದು ಯಾಕೆ ಏನು ಅಂತ ನೂರು ಪ್ರಶ್ನೆ. ದೇವ್ರೇ ಎಬ್ಬಿಸ್ತಾನೆ ಅಂದ್ರೆ ಒಂದೇ ಉತ್ತರ. ಆ ಗಣಪ್ಪ ನಂಗ್ ಬೇಕು ತಾಯಿ. ಹೋದ ವಾರ ನಾನೂ ಹೋಗಿ ಕಾಯಿ ಒಡಿಸ್ಕೊಂಡ್ ಬಂದೆ.”

“ಗೋಪೀನಾಥರು ಒಡೆದುಕೊಟ್ರಾ?”

“ಒಡೆದುಕೊಟ್ರು. ಮುಖ ನೋಡ್ಲಿಲ್ಲ.”

“ಹೀಗೆ ಎಬ್ಬಿಸಿಕೊಳ್ಳೋದು ಇದೇ ಮೊದಲಾ?”

ಬೆಟ್ಟಯ್ಯ ಕೂತರು. ಬಹಳ ದಿನದಿಂದ ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದವರಂತೆ ಕೂತರು. “ನಮ್ಮಪ್ಪ ಶುರು ಮಾಡಿದ್ದು ಬಿನ್ನಿಪೇಟೆಲಿ. ಮಿಲ್ ಇದ್ದ ಕಾಲ. ಮಿಲ್ ಹೋಯ್ತು, ಅಪಾರ್ಟ್‌ಮೆಂಟ್ ಬಂತು. ಅದರ ಹಿಂದೆ ಸ್ಕೂಲ್ ಬಂತು. ಟೇಪ್ ತಂದ್ರು. ವಿಜಯನಗರಕ್ಕೆ ಬಂದ್ವಿ. ಪಕ್ಕದಲ್ಲಿ ಆಸ್ಪತ್ರೆ ಬಂತು. ಟೇಪ್ ತಂದ್ರು. ಇಲ್ಲಿಗೆ ಬಂದ್ವಿ, ಗಣಪ್ಪ ಬಂದ. ನಾವು ಕಾಲಿಟ್ಟ ಕಡೆಯೆಲ್ಲ ವಿದ್ಯೆ, ಆರೋಗ್ಯ, ಭಕ್ತಿ. ನಂಗೆ ಸನ್ಮಾನ ಮಾಡ್ಬೇಕು ಜನ.”

“ಈಗ ಎಲ್ಲಿಗೆ?”

“ಸುಂಕದಕಟ್ಟೆ. ನಿನ್ನೆ ನಿಮ್ ಸಂಘದ ಮೀಟಿಂಗಲ್ಲೇ ಹೇಳಿದ್ನಲ್ಲ. ಹೊಸ ಬಿಲ್ಡಿಂಗು. ಕೆಳಗೆ ಅಂಗಡಿ, ಮೇಲೆ ಮನೆಗಳು. ಗಿಳಿಹಸಿರು ಬಣ್ಣ ಹೊಡ್ದಿದಾರೆ, ಕುಡಿಯದೇನೇ ತಲೆ ತಿರುಗುತ್ತೆ.”

ನಾನು ಆ ಮೀಟಿಂಗಿನಲ್ಲಿದ್ದೆ. ಬೆಟ್ಟಯ್ಯ ಹೋಗುವುದಾಗಿ ಹೇಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಸುಂಕದಕಟ್ಟೆಯವರ ಗತಿಯೇನು ಎಂದು ಯಾರೂ ಕೇಳಲಿಲ್ಲ. ಗೋಪೀನಾಥ ಮಾತ್ರ, ಮಾಗಡಿ ರೋಡಿಗೆ ಎಡಕ್ಕೋ ಬಲಕ್ಕೋ, ಎಷ್ಟನೇ ತಿರುವು, ಯಾವ ಬಣ್ಣ ಎಂದೆಲ್ಲ ವಿವರವಾಗಿ ವಿಚಾರಿಸಿದ್ದರು. ವಂದನಾರ್ಪಣೆ ಮಾಡುವುದನ್ನು ಮರೆತು ಮನೆಗೆ ಹೋಗಿದ್ದರು.

ಹೊರಗೆ ಬಂದ ಮೇಲೆ ಆಂಟಿ ಕೇಳಿದರು. “ಕಾಫಿ ಕುಡಿದೆಯೇನೇ?”

“ಕುಡಿದೆ.”

“ಇನ್ನೊಂದ್ಸಲ ಕುಡಿ. ರಾಗಿಣಿ ಕಾಫಿ ಚೆನ್ನಾಗಿ ಮಾಡ್ತಾಳೆ.”

ರಾಗಿಣಿ ಗೋಪೀನಾಥರ ಹೆಂಡತಿ. ಗೋಪೀನಾಥ ಇನ್ನೂ ಪಾರ್ಕಿನಲ್ಲೇ ಇದ್ದರು. ರಾಗಿಣಿ ನಮ್ಮನ್ನು ಕೂರಿಸಿ, ಒಳಗೆ ಹೋಗಿ, ಹೊರಗೆ ಬಂದು, ಮತ್ತೆ ಒಳಗೆ ಹೋದರು. ಅಷ್ಟರಲ್ಲೂ ಮಾತು ನಿಲ್ಲಲಿಲ್ಲ.

“ಇವರಿಗೆ ರಾತ್ರಿ ನಿದ್ದೇನೇ ಇಲ್ಲ ಅನಂತಲಕ್ಷ್ಮೀ. ಊಟಾನೂ ಬೇಡ ಅಂದ್ರು. ಮೊಸರವಲಕ್ಕಿ ಕಲಸಿಟ್ಟು ಮಲಕ್ಕೋ ಅಂದ್ರು. ಬೆಳಗಾಗೋ ಹೊತ್ತಿಗೆ ಸ್ನಾನ, ಮಡಿ, ಎಲ್ಲ ಮುಗ್ದಿದೆ. ಸಂಘ ಸಂಘ ಅಂತ ಆರೋಗ್ಯ ಕೆಡಿಸ್ಕೊಂಡ್ರು.”

“ಕಶ್ಯಪ್ ಹೇಗಿದಾನೆ? ಹೊಸ ಮನೆಗೆ ಹೋದ್ನಂತೆ?”

ರಾಗಿಣಿ ಫೋನ್ ತಂದರು. ಮಗನ ಗೃಹಪ್ರವೇಶದ ಫೋಟೋ ಒಂದೊಂದೇ ಸರಿಸಿದರು. ಹಸು, ಕರು, ಹಾಲು ಉಕ್ಕಿದ್ದು, ಸೊಸೆ ಧನ್ಯಶ್ರೀ ಹೊಸಿಲಿಗೆ ಅರಿಶಿನ ಹಚ್ಚಿದ್ದು. ಕೊನೆಯಲ್ಲಿ ಕಟ್ಟಡದ ಮುಂದೆ ಎಲ್ಲರೂ ನಿಂತದ್ದು. ಗೋಪೀನಾಥ ಮಗನ ಹೆಗಲ ಮೇಲೆ ಕೈಹಾಕಿ ನಗುತ್ತಿದ್ದರು. ಹಿಂದಿನ ಗೋಡೆ ಗಿಳಿಹಸಿರು. ಕೆಳಗೆ ಶಟರ್ ಎಳೆದ ಖಾಲಿ ಅಂಗಡಿ.

ಆಂಟಿ ಫೋಟೋ ನೋಡಿದರು. “ಬಣ್ಣ ಚೆನ್ನಾಗಿದೆ.”

“ಎಲ್ಲಿ ಚೆನ್ನಾಗಿದೆ, ಕಣ್ಣಿಗೆ ಹೊಡಿಯುತ್ತೆ. ಇರಿ, ಸ್ನಾನದ ನೀರಿಗೆ ಗೀಸರ್ ಹಾಕಿ ಬರ್ತೀನಿ. ತಾಮ್ರದ ಹಂಡೆ ಮುಟ್ಟಕೂಡದಂತೆ ಇವತ್ತು. ಟೆರೇಸಿಗೆ ಹೊತ್ಕೊಂಡು ಹೋಗಿ, ನೀರು ತುಂಬಿ, ಮಡಿಪಂಚೆ ಮುಚ್ಚಿ ಇಟ್ಟಿದಾರೆ. ತಾಮ್ರದ ನೀರು ಬಿಸಿಲಿಗಿಟ್ಟು ಕುಡಿದ್ರೆ ಸಕ್ಕರೆ ಕಾಯಿಲೆ ಇಳಿಯುತ್ತಂತೆ. ವಾಟ್ಸಾಪಲ್ಲಿ ಬಂದಿತ್ತಂತೆ.”

“ಇವತ್ತು ಬಿಸಿಲೇ ಇಲ್ವಲ್ಲ.”

“ನಾನೂ ಅದನ್ನೇ ಅಂದೆ.”

ಆಂಟಿ ಲೋಟ ಕೆಳಗಿಟ್ಟರು. ಕಾಫಿ ಮುಗಿದಿತ್ತು, ಪ್ರಶ್ನೆಗಳೂ.

ಸಂಜೆ ಇನ್‌ಸ್ಪೆಕ್ಟರ್ ಬಂದರು. ಕೈಯಲ್ಲಿ ಟೇಪು, ಹಿಂದೆ ಇಡೀ ಬೀದಿ. ಬೆಟ್ಟಯ್ಯ ಇಸ್ತ್ರಿ ಮಾಡಿದ ಶರ್ಟು ತೊಟ್ಟು ಬಂದಿದ್ದರು. ಕೊಟ್ರೇಶ್ ಖಾಲಿ ಗಾಡಿಯ ಹಿಡಿ ಹಿಡಿದು ನಿಂತಿದ್ದ. ಹೊರಡು ಎಂದರೆ ಹೊರಡಲು ಸಿದ್ಧನಾದಂತೆ.

ಇನ್‌ಸ್ಪೆಕ್ಟರ್ ಗುಡಿಯೊಳಗೆ ಬಗ್ಗಿ ನೋಡಿದರು. “ದೇವರೆಲ್ಲಿ?”

“ಕಳುವಾಗಿದೆ ಸಾರ್,” ಎಂದರು ಗೋಪೀನಾಥ.

“ಖಾಲಿ ಗೂಡು ಅಳೆಯೋಕೆ ನಾನು ಬಂದಿಲ್ಲ. ದೇವರಿದ್ರೆ ದೇವಸ್ಥಾನ ಅಂತ ಬರೀಬಹುದು.”

“ಏನ್ ಮಾಡೋದು ಸಾರ್. ನಮ್ಮ ದುರದೃಷ್ಟ. ಈ ವರ್ಷ ಬಾರ್ ಇಲ್ಲೇ ಇರ್ಲಿ. ಸಹಿಸಿಕೊಳ್ತೀವಿ.” ಗೋಪೀನಾಥ ನಿಟ್ಟುಸಿರು ಬಿಟ್ಟರು. ಆ ನಿಟ್ಟುಸಿರಿನಲ್ಲಿ ದುಃಖವೇನೂ ನನಗೆ ಕಾಣಲಿಲ್ಲ.

“ಒಂದು ನಿಮಿಷ,” ಎಂದರು ಆಂಟಿ. “ಗೋಪೀನಾಥರೇ, ಪೀಠದ ಮೇಲಿರೋದು ಏನಂದ್ರಿ?”

“ಮಂಡಕ್ಕಿ.”

“ಮಂಡಕ್ಕಿ ರಾತ್ರಿಯ ತೇವಕ್ಕೆ ಮೆತ್ತಗಾದ್ರೂ ಉಬ್ಬಿಕೊಂಡೇ ಇರುತ್ತೆ. ಇದು ಚಪ್ಪಟೆಯಾಗಿತ್ತು. ಹುಳಿ ವಾಸನೆ. ನಾಲಿಗೆ ಮೇಲಿಟ್ಟೆ, ಶುಂಠಿ ಸಿಕ್ತು. ಕೊಟ್ರೇಶ, ನೀನು ಮಂಡಕ್ಕಿಗೆ ಮೊಸರು ಹಾಕ್ತೀಯಾ?”

“ಹಾಕಿದ್ರ ಗಿರಾಕಿ ನನ್ನ ಹೊಡೀತಾರ್ರೀ.”

“ಅದು ಮೊಸರವಲಕ್ಕಿ. ಬಿಳಿ ಕಾಳು ಕಂಡ ತಕ್ಷಣ ಎಲ್ಲರೂ ಅವನ ಗಾಡಿ ನೋಡಿದ್ರಿ, ಕಾಳು ನೋಡ್ಲಿಲ್ಲ. ಇನ್ನೊಂದು. ಗಣಪತಿಯನ್ನ ಎತ್ತೋಕೆ ಬಂದವನು ತನ್ನ ಕಡೆಗೆ ಎಳ್ಕೋತಾನೆ. ಇಲ್ಲಿ ಅರಿಶಿನ ಕುಂಕುಮ ಕಲಸಿರೋದು ಬಲಕ್ಕೆ. ಎರಡು ಬೆರಳಿನಷ್ಟು ಸರಿಸಿ, ಆಮೇಲೆ ಎತ್ತಿದಾರೆ. ಬಾಗಿಲು ಪೂರ್ವಕ್ಕೆ. ನಾವು ಎದುರಿಗೆ ನಿಂತ್ರೆ ಬಲಕ್ಕೆ ಯಾವ ದಿಕ್ಕು?”

ಯಾರೋ ಹೇಳಿದರು. “ಉತ್ತರ.”

“ಚೌತಿ ಗಣಪತಿ ಬಿಡೋವಾಗ ಮನೇಲಿ ಏನ್ ಮಾಡ್ತೀವಿ?”

ಜನರಲ್ಲಿ ಸಣ್ಣ ಗುಜುಗುಜು ಎದ್ದಿತು. ಉತ್ತರಕ್ಕೆ ಸರಿಸುತ್ತೇವೆ. ದಾರಿಗೆಂದು ಮೊಸರವಲಕ್ಕಿ ಬುತ್ತಿ ಇಡುತ್ತೇವೆ. ಹೋಗಿ ಬಾ ಎನ್ನುತ್ತೇವೆ. ಎಲ್ಲರಿಗೂ ಗೊತ್ತಿದ್ದದ್ದೇ. ಆಷಾಢದಲ್ಲಿ ಯಾರಿಗೂ ಹೊಳೆದಿರಲಿಲ್ಲ.

“ಕಳ್ಳ ದೇವರನ್ನ ಎತ್ಕೊಂಡು ಓಡ್ತಾನೆ,” ಎಂದರು ಆಂಟಿ. “ಇಲ್ಲಿ ಯಾರೋ ಮರ್ಯಾದೆಯಾಗಿ ಬೀಳ್ಕೊಟ್ಟಿದಾರೆ. ಬುತ್ತಿ ಇಟ್ಟು. ಬೇಕಾಗಿದ್ರೆ ಒರೆಸಿ ಹಾಕಬಹುದಿತ್ತು. ದೇವರಿಗೆ ಕೊಟ್ಟಿದ್ದನ್ನ ಒರೆಸೋಕೆ ಕೈ ಬರಲಿಲ್ಲ. ಅಷ್ಟು ಮಡಿ, ಅಷ್ಟು ಭಯ ಇರೋರು, ಜೊತೆಗೆ ಬಾರು ಇಲ್ಲಿಂದ ಹೋಗಬಾರದು ಅನ್ನೋರು, ಯಾರು?”

“ಬಾರು ಹೋಗಬಾರದು ಅನ್ನೋರು ನಮ್ಮಲ್ಲಿ ಯಾರಿದಾರೆ?” ಎಂದರು ಗೋಪೀನಾಥ. ಧ್ವನಿ ಸ್ವಲ್ಪ ಎತ್ತರಕ್ಕೆ ಹೋಗಿತ್ತು.

“ನಿನ್ನೆ ಮಧ್ಯಾಹ್ನದವರೆಗೆ ಯಾರೂ ಇರಲಿಲ್ಲ. ಮೀಟಿಂಗಲ್ಲಿ ಬಾರು ಹೋಗೋ ಜಾಗ ಗೊತ್ತಾಯ್ತು. ಸುಂಕದಕಟ್ಟೆಯ ಗಿಳಿಹಸಿರು ಬಿಲ್ಡಿಂಗು. ಕೆಳಗೆ ಬೆಟ್ಟಯ್ಯನ ಬಾರು. ಮೇಲೆ ನಿಮ್ಮ ಕಶ್ಯಪ್.”

ಬೆಟ್ಟಯ್ಯ ಬಾಯಿ ತೆರೆದರು. “ನಿಮ್ ಮಗನಾ ಸಾರ್ ಅದು, ಮೂರನೇ ಮಹಡಿ? ಒಳ್ಳೆ ಹುಡುಗ. ಮೊನ್ನೆ ನಂಗೆ ಲಿಫ್ಟ್ ತೋರಿಸ್ದ.”

ಗೋಪೀನಾಥ ಅತ್ತಿತ್ತ ನೋಡಿದರು. “ಇದೆಲ್ಲ ಊಹೆ. ಈ ಗುಡಿ ಕಟ್ಟಿಸಿದ್ದೇ ನಾನು ಮೇಡಂ.”

“ಎಲ್ಲದಕ್ಕೂ ಪೊಲೀಸಿಗೆ ಅರ್ಜಿ ಬರೆಯೋರು ನೀವು. ಬೀದಿನಾಯಿ ಬೊಗಳಿದ್ದಕ್ಕೂ ಬರೆದಿದ್ರಿ. ಇವತ್ತು ದೇವರೇ ಕಳುವಾದ್ರೂ ಪೊಲೀಸ್ ಬೇಡ ಅಂದ್ರಿ. ಆಗಲೇ ನನಗೆ ಅನುಮಾನ ಬಂತು. ಊಹೆ ಅಂತೀರಾ? ಸರಿ. ಟೆರೇಸಿಗೆ ಹೋಗಿ ಹಂಡೆ ಪಂಚೆ ತೆಗೆಯೋಣ. ತಾಮ್ರದ ನೀರು ನಾನೂ ಒಂದು ಲೋಟ ಕುಡೀತೀನಿ. ನನಗೂ ಸಕ್ಕರೆ ಕಾಯಿಲೆ ಇದೆ.”

ರಾಗಿಣಿ ಗಂಡನ ಮುಖ ನೋಡಿದರು. “ಅಂದ್ರೆ ವಾಟ್ಸಾಪಲ್ಲಿ ಬಂದಿರಲಿಲ್ವಾ?”

ಗೋಪೀನಾಥ ಆಂಟಿಯ ಮಾತನ್ನು ತಡೆದುಕೊಂಡಿದ್ದರು. ಹೆಂಡತಿಯ ಈ ಪ್ರಶ್ನೆಯನ್ನು ತಡೆದುಕೊಳ್ಳಲಾಗಲಿಲ್ಲ. ಪಾರ್ಕಿನ ಕಲ್ಲುಬೆಂಚಿನ ಮೇಲೆ ಕೂತರು.

“ಮದುವೆಯಾಗಿ ಹೊಸದು ಅವಕ್ಕೆ,” ಎಂದರು. “ಮೊದಲನೇ ಮನೆ. ಬಾಲ್ಕನಿಲಿ ತುಳಸಿಕಟ್ಟೆ ಇಟ್ಕೊಂಡಿದಾಳೆ ಆ ಹುಡುಗಿ. ಕೆಳಗೆ ಇದು ಬಂದ್ರೆ? ನಾನೇ ಓಡಾಡಿ ಎಬ್ಬಿಸಿ ಕಳಿಸಿದ್ದು ಅಂತ ಗೊತ್ತಾದ್ರೆ? ಮೂರ್ತಿಗೆ ಏನೂ ಅಪಚಾರ ಮಾಡಿಲ್ಲ. ನೀರಲ್ಲಿಟ್ಟು ಪೂಜೆ ಮಾಡಿದೀನಿ. ಇನ್‌ಸ್ಪೆಕ್ಟರ್ ಹೋದ ಮೇಲೆ ತಂದಿಡೋನಿದ್ದೆ.”

“ಗಣಪತಿಗೆ ಬುತ್ತಿ ಕಟ್ಟಿ ಕಳಿಸಿದ್ರಿ,” ಎಂದರು ಆಂಟಿ. “ಕೊಟ್ರೇಶನ ಬಾಣಲೆ ಕಿತ್ತಿಟ್ಕೊಂಡ್ರಿ. ಇವನನ್ನ ಏನಂತ ಕಳಿಸೋರಿದ್ರಿ?”

ಬೆಳಿಗ್ಗೆ ತಲೆಯಾಡಿಸಿದ್ದವರು ಫೋನ್ ತೆಗೆದು ನೋಡತೊಡಗಿದರು.

ಗಣಪತಿ ಬಂದ. ಗೋಪೀನಾಥರೇ ಎದೆಗವಚಿಕೊಂಡು ತಂದರು. ಶರ್ಟು ಪೂರ್ತಿ ಒದ್ದೆ. ಪೀಠದ ಮೇಲೆ ಕೂರಿಸಿ, ಕೈಮುಗಿದು, ಕೆನ್ನೆ ಬಡಿದುಕೊಂಡರು. ಇನ್‌ಸ್ಪೆಕ್ಟರಿಗೆ ಸಂಸಾರದ ಕಥೆ ಬೇಕಿರಲಿಲ್ಲ.

“ಅರ್ಜಿ ಕೊಟ್ಟೋರು ಯಾರು? ಟೇಪಿನ ಈ ತುದಿ ಹಿಡ್ಕೊಳ್ಳಿ.”

ಗೋಪೀನಾಥ ಹಿಡಿದರು. ಬೆಟ್ಟಯ್ಯ ಇನ್ನೊಂದು ತುದಿ ಹಿಡಿದು ಉತ್ಸಾಹದಿಂದ ಬಾರಿನ ಕಡೆ ನಡೆದರು. ಟೇಪು ಮುಗಿದಲ್ಲಿ ಗುರುತು ಹಾಕಿ, ಮತ್ತೆ ಹಿಡಿದು, ಮತ್ತೆ ನಡೆದರು. ತೊಂಬತ್ತು ದಾಟಲಿಲ್ಲ. ಅರ್ಜಿಯಲ್ಲಿ ಬರೆದ ಅಳತೆ ಎಷ್ಟು ಕರಾರುವಾಕ್ಕಾಗಿದೆ ಎಂದು ಇನ್‌ಸ್ಪೆಕ್ಟರ್ ಮೆಚ್ಚಿದರು. ಗೋಪೀನಾಥರಿಗೆ ಮೆಚ್ಚುಗೆ ಹಿಡಿಸಲಿಲ್ಲ.

“ಬೇಜಾರ್ ಮಾಡ್ಕೋಬೇಡಿ ಸಾರ್,” ಎಂದರು ಬೆಟ್ಟಯ್ಯ. “ಅಲ್ಲೂ ಯಾರಾದ್ರೂ ಗಣಪ್ಪನ್ನ ಕೂರಿಸ್ತಾರೆ. ಕೆಂಗೇರಿ ಕಡೆ ಒಂದ್ ಜಾಗ ನೋಡಿಟ್ಟಿದೀನಿ.”

ಸಂಘದ ರೂಮಿನ ಬೀಗವನ್ನು ಗೋಪೀನಾಥರೇ ತೆಗೆಯಬೇಕು, ಎಲ್ಲರ ಎದುರಿಗೆ ತೆಗೆಯಬೇಕು ಎಂದರು ಆಂಟಿ. ತೆಗೆದರು. ಒಲೆಯನ್ನೂ ಬಾಣಲೆಯನ್ನೂ ಅವರೇ ಹೊತ್ತು ತಂದು ಗಾಡಿಯ ಮೇಲಿಟ್ಟರು. ಒದ್ದೆ ಶರ್ಟಿಗೆ ಮಸಿ ಹತ್ತಿತು.

“ತಪ್ಪಾಯ್ತು ಕೊಟ್ರೇಶ್,” ಎಂದರು. ಸಣ್ಣಗೆ ಹೇಳಿದರು. ಆಂಟಿ ಕಿವಿ ಕೇಳದವರಂತೆ ಕೈ ಕಿವಿಗಿಟ್ಟುಕೊಂಡರು. ಗೋಪೀನಾಥ ಇನ್ನೊಮ್ಮೆ ದೊಡ್ಡದಾಗಿ ಹೇಳಿದರು.

ಕೊಟ್ರೇಶ್ ಬಾಣಲೆಯನ್ನು ತಿರುಗಿಸಿ ನೋಡಿದ. ಒಲೆ ಅಲ್ಲಾಡಿಸಿ ನೋಡಿದ. ಎಲ್ಲ ಸರಿಯಿತ್ತು.

“ಬಾರ್ ಹೋದ್ರ ನಾನೂ ಹೋಗಾದ ಅಲ್ರೀ ಸರ,” ಎಂದ. “ಆ ಹಸಿರು ಬಿಲ್ಡಿಂಗ್ ಮುಂದ ಗಾಡಿ ಹಚ್ತೀನಿ. ಅಲ್ಲಿ ಮಂದಿ ಯಾರ್ ನೀನು, ಎಲ್ಲಿಯಾಂವ ಅಂತ ಕೇಳ್ತಾರ. ಗುರ್ತಿನಾಂವ ಅಂತ ಒಂದ್ ಮಾತು ಹೇಳೋರ್ ಬೇಕು. ನೀವ ಹೇಳ್ಬೇಕ್ರೀ.”

ಗೋಪೀನಾಥ ಶರ್ಟಿನ ಮಸಿ ಒರೆಸಿಕೊಳ್ಳಲು ಹೋದರು. ಅದು ಇನ್ನಷ್ಟು ಹರಡಿತು.

“ಹೇಳ್ತೀನಿ. ಒಳ್ಳೆಯವನು ಅಂತ ಹೇಳ್ತೀನಿ. ಆದ್ರೆ ನೀನು ಕಶ್ಯಪ್‌ಗೆ ಮಾತ್ರ ಏನೂ ಹೇಳ್ಬೇಡ.”

“ಯಾವ್ದ ಹೇಳ್ಬಾರ್ದ್ರೀ? ಬಾರ್ ಕಳಿಸಿದ್ದೋ, ಗಣಪ್ಪನ್ನ ಮುಚ್ಚಿಟ್ಟಿದ್ದೋ?”

“ಎರಡೂ,” ಎಂದರು ಗೋಪೀನಾಥ.